ಒಂದೇ ಸಲ ಕೇಳುವ ಊರಿನಲ್ಲಿ

ಹೊರಡುವ ಮುಂಚೆ, ನಂಜನಗೂಡು

ಇಪ್ಪತ್ತು ಚಿಲ್ಲರೆ ವರ್ಷಗಳಿಂದ ಯುರೋಪನ್ನು ಕಪ್ಪುಹಲಗೆಯ ಮೇಲೆ ಬರೆದು, ಪಿರಿಯಡ್ ಮುಗಿದ ಕೂಡಲೇ ಅಳಿಸುತ್ತ ಬಂದವಳು ನಾನು. ತಿ. ನರಸೀಪುರದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ, ಹೆಸರು ನಾಗರತ್ನ, ಮಕ್ಕಳ ಬಾಯಲ್ಲಿ ‘ಸೋಶಿಯಲ್ ಮಿಸ್ಸು’. ಮನೆ ನಂಜನಗೂಡಿನಲ್ಲಿ. ನೆದರ್ಲೆಂಡ್ಸ್ ಸಮುದ್ರ ಮಟ್ಟಕ್ಕಿಂತ ಕೆಳಗಿದೆ ಎಂದು ಎಷ್ಟು ಮಕ್ಕಳ ಕೈಲಿ ಉರು ಹೊಡೆಸಿದ್ದೇನೋ ಲೆಕ್ಕವಿಲ್ಲ. ಆದರೆ ನಾನೇ ಕಣ್ಣಾರೆ ಕಂಡ ದೂರದ ಊರೆಂದರೆ ತಿರುಪತಿ, ಇನ್ನೊಂದು ಸಲ ಊಟಿ. ಊಟಿಯಲ್ಲೂ ಮಂಜು ಮುಸುಕಿ ಏನೂ ಕಾಣಿಸಲಿಲ್ಲ.

ಅಂಥವಳಿಗೆ ನೆದರ್ಲೆಂಡ್ಸಿನ ಡೆಲ್ಫ್ಟ್ ಎಂಬ ಊರಿನಿಂದ ಆಹ್ವಾನ ಬಂತು. ಟಿಕೆಟ್ಟೂ ಅವರದೇ. ಕಾರಣ ಹೇಳಿದರೆ ನಗುತ್ತೀರಿ. ನಾನು ಬರೆದ ದೂರುಗಳನ್ನು ಅವರು ಬಹಳ ಮೆಚ್ಚಿಕೊಂಡಿದ್ದರು.

ಕತೆ ಶುರುವಾಗುವುದು ನಮ್ಮೂರ ಹತ್ತಿರದ ಹೆಡತಲೆ ಎಂಬ ಹಳ್ಳಿಯಲ್ಲಿ. ನನ್ನ ಯಜಮಾನರ ಅಕ್ಕ ಗೌರಮ್ಮ, ನನಗೆ ಗೌರತ್ತಿಗೆ, ಮಗ ಸೊಸೆಯ ಜೊತೆ ಅಲ್ಲಿದ್ದಾರೆ. ಓದುವ ಹುಚ್ಚಿನ ಹೆಂಗಸು. ಕಡಲೆಪುರಿ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ, ಎರಡೂ ಮಗ್ಗುಲು ಓದಿ, ಆಮೇಲೆ ಪುರಿ ತಿನ್ನುತ್ತಿದ್ದವರು. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣನ್ನು ನುಂಗಿ ನೀರು ಕುಡಿಯಿತು. ಅಲ್ಲಿಂದ ಮುಂದೆ ಪೇಪರ್ ಓದಿ ಹೇಳಿ ಎಂದು ಮನೆಯವರನ್ನು ಗೋಗರೆಯುವ ಪಾಡಾಯಿತು. ಓದುವವರೋ, ಒಂದು ಸಾಲು ಓದಿ ನಾಲ್ಕು ಸಾಲು ಹಾರಿಸುವವರು. “ಅಷ್ಟೇ, ಇನ್ನೇನೂ ಇಲ್ಲ” ಎಂದು ಮಡಚಿಡುವವರು. ಅತ್ತಿಗೆ ಪೇಪರನ್ನು ಕೈಯಲ್ಲಿ ತೂಗಿ ನೋಡಿ, “ಇಷ್ಟ್ ದಪ್ಪ ಪೇಪರ್‌ನಾಗೆ ಅಷ್ಟೇಯಾ?” ಎಂದು ಕೇಳುತ್ತಿದ್ದರು.

ಆಗ ಯಾರೋ ಒಂದು ಆ್ಯಪ್ ತೋರಿಸಿಕೊಟ್ಟರು. ಅಚ್ಚಾದ ಹಾಳೆಯ ಮೇಲೆ ಫೋನು ಹಿಡಿದರೆ ಗಟ್ಟಿಯಾಗಿ ಓದಿ ಹೇಳುತ್ತದೆ. ಪೇಪರ್, ಮದುವೆ ಕರೆಯೋಲೆ, ಮಾತ್ರೆಯ ಚೀಟಿ, ಏನಾದರೂ ಸರಿ. ಅದರ ಇಂಗ್ಲಿಷ್ ಹೆಸರು ಅತ್ತಿಗೆಗೆ ಹಿಡಿಸಲಿಲ್ಲ, ‘ಓದಮ್ಮ’ ಎಂದು ತಾವೇ ನಾಮಕರಣ ಮಾಡಿದರು. ಇದು ಓಪನ್ ಸೋರ್ಸ್ ಜಾತಿಯ ಸಾಫ್ಟ್‌ವೇರ್. ಎಂದರೆ ಒಬ್ಬರ ಸೊತ್ತಲ್ಲ, ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ರಿಪೇರಿ ಮಾಡಿ ಹಂಚಬಹುದು. ಯಾವ ಯಾವುದೋ ದೇಶದ ಜನ ತಮ್ಮ ಬಿಡುವಿನಲ್ಲಿ ಸೇರಿ ಕಟ್ಟುತ್ತಾರೆ.

ಮೊದಲ ದಿನವೇ ಓದಮ್ಮ ಎಡವಟ್ಟು ಮಾಡಿದಳು. ಪೇಪರಿನ ಒಂದು ಕಾಲಂ ಮುಗಿಸಿ ಇನ್ನೊಂದಕ್ಕೆ ಹೋಗುವ ಬದಲು, ಅಡ್ಡಡ್ಡಕ್ಕೆ ಸೀದಾ ಓದಿಕೊಂಡು ಹೋದಳು. ಎಡಗಡೆ ಸರಗಳ್ಳನ ಸುದ್ದಿ, ಬಲಗಡೆ ಅರಿಶಿನ ಬೆಳೆಗಾರರಿಗೆ ಸಲಹೆ. “ಸರ ಕದ್ದ ಆರೋಪಿಯನ್ನು ಚೆನ್ನಾಗಿ ಬೇಯಿಸಿ, ಪೊಲೀಸರು ಬಂಧಿಸಿ, ಬಿಸಿಲಿನಲ್ಲಿ ಒಣಗಿಸಿದರೆ ಒಳ್ಳೆಯ ಬಣ್ಣ ಬರುತ್ತದೆ” ಎಂದಳು. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ತಪ್ಪು ಕಂಡರೆ ಕೆಂಪು ಪೆನ್ನು ಹುಡುಕುವ ಕೈ ನನ್ನದು. ಆವತ್ತೇ ಕೂತು, ನಿಮ್ಮ ಸಾಫ್ಟ್‌ವೇರಿಗೆ ಏಳನೇ ತರಗತಿಯ ಮಗುವಿಗಿರುವ ಜ್ಞಾನವೂ ಇಲ್ಲ, ಎಲ್ಲಿ ಎಡವಿತು, ಹೇಗೆ ಎಡವಿತು, ಏನು ಮಾಡಬೇಕಿತ್ತು ಎಂದು ಫೋಟೋ ಸಮೇತ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ.

ಡೆಲ್ಫ್ಟಿನ ಮರೈಕೆ ಎಂಬ ಹೆಂಗಸಿನಿಂದ ಉತ್ತರ ಬಂತು. “ಇಷ್ಟು ಒಳ್ಳೆಯ ದೂರು ನಮಗೆ ಈವರೆಗೆ ಬಂದಿರಲಿಲ್ಲ. ದಯವಿಟ್ಟು ಇನ್ನಷ್ಟು ಕಳಿಸಿ” ಎಂದಿತ್ತು. ದೂರು ಕೊಟ್ಟವಳಿಗೆ ಧನ್ಯವಾದ ಹೇಳುವವರನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ನಮ್ಮ ಕಡೆ ದೂರು ಕೊಟ್ಟರೆ ನಾಳೆ ಬನ್ನಿ ಎನ್ನುತ್ತಾರೆ. ಸರಿ, ಅಲ್ಲಿಂದ ನನಗೆ ಚಟ ಹತ್ತಿತು. ಹೊಸ ಆವೃತ್ತಿ ಬಂದಾಗಲೆಲ್ಲ ಅತ್ತಿಗೆಯ ಜೊತೆ ಕೂತು ಪರೀಕ್ಷೆ ಮಾಡಿ ತಪ್ಪು ಹುಡುಕುವುದು, ಕನ್ನಡದಲ್ಲಿ ಬಳಸುವ ಬಗೆ ಬರೆಯುವುದು, ಕೇಳಿದವರಿಗೆ ಉತ್ತರ ಹೇಳುವುದು. ಮುಡುಕುತೊರೆಯ ನಿವೃತ್ತ ಗುಮಾಸ್ತರೊಬ್ಬರು ವಾರಕ್ಕೊಮ್ಮೆ ಅದೇ ಪ್ರಶ್ನೆ ಕೇಳುತ್ತಾರೆ, ವಾರಕ್ಕೊಮ್ಮೆ ಅದೇ ಉತ್ತರ ಕೊಡುತ್ತೇನೆ.

ಕೋಡ್ ಎನ್ನುವುದರ ಒಂದು ಸಾಲೂ ನನಗೆ ಬಾರದು. ಅದರಿಂದೇನು? ಮದುವೆ ಮನೆಯಲ್ಲಿ ಒಲೆಯ ಮುಂದೆ ನಿಂತವನೊಬ್ಬನೇ ಅಡುಗೆ ಮಾಡಿದ ಎನ್ನುತ್ತೀರಾ? ತರಕಾರಿ ಹೆಚ್ಚಿದವರು, ಎಲೆ ಹಾಕಿದವರು, ರುಚಿ ನೋಡಿ ಉಪ್ಪು ಕಮ್ಮಿ ಎಂದವರು ಇರುವುದಿಲ್ಲವೇ? ನಾನು ಉಪ್ಪು ಕಮ್ಮಿ ಎನ್ನುವ ಗುಂಪಿನವಳು. ನಮ್ಮ ಯಜಮಾನರು ಇದನ್ನೇ ಬೇರೆ ರೀತಿ ಹೇಳುತ್ತಾರೆ. “ಮನೇಲಿ ತಪ್ಪು ಹುಡುಕಿ ಮುಗೀತು ಕಣ್ರೀ, ಈಗ ಫಾರಿನ್ನಿಗೆ ಸಪ್ಲೈ ಮಾಡ್ತಾವ್ಳೆ” ಎಂದು ಪಕ್ಕದ ಮನೆಯವರಿಗೆಲ್ಲ ಸಾರಿದ್ದರು.

ವಿಮಾನ ನಿಲ್ದಾಣ

ನಂಜನಗೂಡಿನವರು ಬರಿಗೈಲಿ ಹೋಗುವುದುಂಟೇ? ರಸಬಾಳೆಯ ಒಂದು ಚಿಪ್ಪು ಕೈಚೀಲದಲ್ಲಿಟ್ಟುಕೊಂಡು ಹೊರಟೆ. ರಸಬಾಳೆಯ ಸಿಪ್ಪೆ ತೆಳು, ಸ್ವಭಾವವೂ ಸೂಕ್ಷ್ಮ. ಗದರಿದರೂ ಕಪ್ಪಾಗುವ ಜಾತಿ. ವಿಮಾನದಲ್ಲಿ ಅದರ ಮೇಲೆ ಯಾವನೋ ಪುಣ್ಯಾತ್ಮ ತನ್ನ ಕಬ್ಬಿಣದಂಥ ಪೆಟ್ಟಿಗೆ ಹೇರಿದ್ದ. ಇಳಿದು ನೋಡಿದರೆ ಹಣ್ಣು, ಸ್ವೆಟರ್, ಪಾಸ್‌ಪೋರ್ಟಿನ ಹೊದಿಕೆ ಎಲ್ಲವೂ ಒಂದೇ ಪಾಕವಾಗಿದ್ದವು. ಪಾಸ್‌ಪೋರ್ಟ್ ನೋಡುವ ಅಧಿಕಾರಿ ಅದನ್ನು ಎರಡೇ ಬೆರಳಲ್ಲಿ ಹಿಡಿದು, ಮೂಸಿ, ನನ್ನನ್ನು ನೋಡಿ, ಮತ್ತೆ ಮೂಸಿ ಒಳಗೆ ಬಿಟ್ಟ. ಆ ಪರಿಮಳಕ್ಕೆ ಯಾರಾದರೂ ಬಿಡಲೇಬೇಕು.

ಹೊರಗೆ ಮರೈಕೆ ನನ್ನ ಹೆಸರಿನ ರಟ್ಟು ಹಿಡಿದು ನಿಂತಿದ್ದರು. ಅರವತ್ತು ದಾಟಿದ, ಬೆಳ್ಳಿ ಕೂದಲಿನ, ಬಾಗಿಲಿನಷ್ಟು ಎತ್ತರದ ಹೆಂಗಸು. ಅವರಿಗೂ ಕೋಡ್ ಬಾರದು. ಸಭೆ ಕರೆಯುವುದು, ದೂರುಗಳಿಗೆ ಉತ್ತರ ಬರೆಯುವುದು, ಜಗಳವಾಡಿದವರನ್ನು ರಾಜಿ ಮಾಡಿಸುವುದು ಅವರ ಕೆಲಸ. ನಾನು ನಾಚಿಕೊಂಡು ಚೀಲ ಬಿಚ್ಚಿದರೆ, ಅವರು ಬೆರಳದ್ದಿ ನೆಕ್ಕಿ, ಕಣ್ಣರಳಿಸಿ, “ಜಾಮ್?” ಎಂದರು.

“ಹೌದು, ಜಾಮ್. ಮನೆಯಲ್ಲೇ ಮಾಡಿದ್ದು” ಎಂದುಬಿಟ್ಟೆ.

ಮರೈಕೆಯ ಮನೆ

ಡೆಲ್ಫ್ಟಿನಲ್ಲಿ ಬೀದಿ ಎಷ್ಟಿದೆಯೋ ನೀರೂ ಅಷ್ಟಿದೆ. ಪ್ರತಿ ಬೀದಿಯ ಮಗ್ಗುಲಲ್ಲೂ ಒಂದು ಕಾಲುವೆ, ಸೊಂಟ ಬಗ್ಗಿಸಿದರೆ ಕೈಗೆ ಸಿಗುವಷ್ಟು ಮೇಲೆ. ಕಪಿಲೆ ಉಕ್ಕಿದಾಗ ನಮ್ಮಲ್ಲಿ ತಗ್ಗಿನ ಬೀದಿಯವರು ಪಾತ್ರೆಪಗಡ ಹೊತ್ತುಕೊಂಡು ಮೇಲಕ್ಕೆ ಓಡುತ್ತಾರೆ. ಇವರು ಸಮುದ್ರವನ್ನೇ ಬಾಗಿಲ ಹೊರಗೆ ನಿಲ್ಲಿಸಿ ‘ಅಪಾಯಿಂಟ್‌ಮೆಂಟ್ ಇದೆಯಾ?’ ಎಂದು ಕೇಳುವ ಜನ. ತಮಾಷೆಯಲ್ಲ, ಪಕ್ಕದ ಮನೆಯ ಗೆಳತಿಗೆ ಕಾಫಿಗೆ ಬಾ ಎನ್ನಲೂ ಮರೈಕೆ ಮುಂದಿನ ತಿಂಗಳ ದಿನ ಗೊತ್ತುಮಾಡುತ್ತಿದ್ದರು.

ಮನೆ ಸೇರಿದ ಕೂಡಲೇ ಮರೈಕೆ, “ಕಾಫಿ?” ಎಂದರು.

“ಬೇಡ ಬೇಡ, ಯಾಕೆ ಸುಮ್ಮನೆ ತೊಂದರೆ?” ಎಂದೆ.

“ಸರಿ” ಎಂದು ತಮಗೊಂದು ಲೋಟ ಮಾಡಿಕೊಂಡು ಬಂದು ನನ್ನೆದುರು ಕೂತು ಕುಡಿದರು.

ನಾನು ಕಣ್ಣು ಬಿಟ್ಟುಕೊಂಡು ನೋಡಿದೆ. ನಮ್ಮ ಕಡೆಯ ರಿವಾಜು ನಿಮಗೆ ಗೊತ್ತೇ ಇದೆ. ಮೊದಲ ಬೇಡ ಬರೀ ಮರ್ಯಾದೆಗೆ. ಎರಡನೆಯ ಸಲ ‘ಅಯ್ಯೋ, ಈಗ್ತಾನೆ ಕುಡಿದು ಬಂದೆ’. ಮೂರನೆಯ ಸಲ ಅವರು ರಟ್ಟೆ ಹಿಡಿದು ಕೂರಿಸಿದ ಮೇಲೆ ‘ಸರಿ, ಒಂದೇ ಒಂದು ಗುಟುಕು’ ಎಂದು ಪೂರ್ತಿ ಲೋಟ. ಮೊದಲ ಸಲಕ್ಕೇ ಹೂಂ ಎಂದವರನ್ನು ಊರು ತುಂಬ ಆಡಿಕೊಳ್ಳುತ್ತಾರೆ. ಇಲ್ಲಿ ಎರಡನೆಯ ಸಲವೇ ಇಲ್ಲ! ಸಂಜೆ ಆರಕ್ಕೆ “ಊಟ ಮಾಡುತ್ತೀರಾ?” ಎಂದರು. ಬಾಯಿ ತಪ್ಪಿ “ಅಯ್ಯೋ, ಈಗ್ಲೇನಾ?” ಎಂದೆ. ಅಷ್ಟೇ, ತಟ್ಟೆ ಒಂದೇ ಬಂತು, ಅದು ಅವರದು. ಬಿಸ್ಕೆಟ್ ಡಬ್ಬಿ ಮಾತ್ರ ತೆರೆದು ನನ್ನ ಮುಂದೆ ಹಿಡಿದರು. ಈ ಸಲ ಬುದ್ಧಿವಂತೆಯಾಗಿ ಒಂದನ್ನು ತೆಗೆದುಕೊಂಡೆ. ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಡಬ್ಬಿ ಟಪ್ಪೆಂದು ಮುಚ್ಚಿಕೊಂಡಿತು.

ನನ್ನ ಕೋಣೆ ಅಟ್ಟದ ಮೇಲೆ. ಮೆಟ್ಟಿಲು ಎಂದರೆ ಗೋಡೆಗೆ ಒರಗಿಸಿದ ಏಣಿ. ಕೈಕಾಲು ಊರಿ ಮೇಲೆ ಹತ್ತಿ, ಮನೆಯಿಂದ ತಂದ ಕೋಡುಬಳೆಯನ್ನು ಕಟುಂ ಎನ್ನದ ಹಾಗೆ ಬಾಯಲ್ಲೇ ನೆನೆಸಿ ನೆನೆಸಿ ತಿಂದೆ.

ಬೆಳಗ್ಗೆ ಇನ್ನೊಂದು ಸೋಜಿಗ. ಶೌಚಾಲಯದ ಗೋಡೆಗೆ ಒಂದು ಕ್ಯಾಲೆಂಡರ್, ಅದರ ತುಂಬ ನೆಂಟರಿಷ್ಟರ ಹುಟ್ಟುಹಬ್ಬಗಳು. ಇಲ್ಲಿ ಮನೆಮನೆಯಲ್ಲೂ ಹೀಗೆಯೇ ಅಂತೆ. ನೆಂಟರನ್ನು ನೆನೆಯಲು ಅದಕ್ಕಿಂತ ಪುರಸೊತ್ತಿನ ಜಾಗ ಎಲ್ಲಿದೆ ಎಂದು ಮರೈಕೆ ಕೇಳಿದರು. ನಮ್ಮಲ್ಲಿ ನೆಂಟರ ಹೆಸರನ್ನು ಅಲ್ಲಿ ಬರೆದರೆ ಮುಂದಿನ ಹಬ್ಬಕ್ಕೆ ಒಬ್ಬರೂ ಬರುವುದಿಲ್ಲ ಎಂದೆ. ತಿಂಡಿಗೆ ತಣ್ಣನೆ ಬ್ರೆಡ್ಡು, ಅದರ ಮೇಲೆ ಚಾಕೊಲೇಟಿನ ಕಾಳು, ಕುಡಿಯಲು ಮಜ್ಜಿಗೆ. ಮಜ್ಜಿಗೆ ಕಂಡು ಕಣ್ಣಲ್ಲಿ ನೀರು ಬಂತು. “ಇನ್ನೊಂದು ಲೋಟ?” ಎಂದ ಕೂಡಲೇ, ಮಾತು ಮುಗಿಯುವ ಮೊದಲೇ “ಹೂಂ” ಎಂದೆ. ಮರೈಕೆ ನನ್ನ ‘ಜಾಮ’ನ್ನು ಬ್ರೆಡ್ಡಿಗೆ ಸವರಿಕೊಂಡು, ಹೇಗೆ ಮಾಡುವುದೆಂದು ಹೇಳಿಕೊಡಿ ಎಂದರು. ವಿಮಾನ ಬೇಕು ಎಂದು ಹೇಗೆ ಹೇಳಲಿ?

ತಿನ್ನುವ ವಿಷಯದಲ್ಲಿ ಹೀಗೆ ಒಂದೇ ದಿನದಲ್ಲಿ ಪಾಠ ಕಲಿತೆ. ಆದರೆ ಅದೇ ಪಾಠ ಬೇರೆ ಕಡೆಯೂ ನೆನಪಿಗೆ ಬರಬೇಕಲ್ಲ.

ಸಭೆಯ ಮೊದಲ ದಿನ

ನನ್ನನ್ನು ಕರೆಸಿದ್ದು ಓದಮ್ಮನನ್ನು ಕಟ್ಟುವವರ ಎರಡು ದಿನದ ಸಭೆಗೆ, ಅದು ಊರಿನ ಗ್ರಂಥಾಲಯದ ಮಹಡಿಯಲ್ಲಿ. ಹೋಗುವ ದಾರಿಯಲ್ಲಿ ಚೆಂದದ ಕೆಂಪು ಹಾದಿಯೊಂದು ಕಂಡಿತು. ಅತಿಥಿಗಳಿಗೆಂದೇ ಮಾಡಿಸಿದ್ದಾರೇನೋ ಎಂದು ಅದರ ನಟ್ಟನಡುವೆ ಸೀರೆ ನೆರಿಗೆ ಹಿಡಿದು ನಡೆದೆ. ಅದು ಸೈಕಲ್ಲಿನವರ ದಾರಿ. ಹಿಂದಿನಿಂದ ಟ್ರಿಣ್ ಟ್ರಿಣ್ ಎನ್ನುತ್ತ ಒಬ್ಬ ಅಜ್ಜಿ, ಹ್ಯಾಂಡಲ್ಲಿನ ಬುಟ್ಟಿಯಲ್ಲಿ ನಾಯಿ ಕೂರಿಸಿಕೊಂಡು ಬಂದಿದ್ದವರು, ಅವರ ಭಾಷೆಯಲ್ಲಿ ನನಗೆ ಏನೇನೋ ಅಂದರು. ಅರ್ಥವಾಗಲಿಲ್ಲ, ಆದರೆ ಬೈಗುಳ ಯಾವ ಭಾಷೆಯಲ್ಲಿದ್ದರೂ ಬೈಗುಳವೆಂದು ತಿಳಿಯುತ್ತದೆ. ನಾನೂ “ನಿಧಾನಕ್ಕೆ ಓಡಿಸ್ರೀ, ಯಾವ ಗಂಟು ಹೋಗ್ತಿದೆ?” ಎಂದು ಅಪ್ಪಟ ಕನ್ನಡದಲ್ಲಿ ಕೊಟ್ಟೆ. ನಾಯಿ ಮಾತ್ರ ನನ್ನ ಪರವಾಗಿ ಬಾಲ ಆಡಿಸಿತು.

ಮಹಡಿಯಲ್ಲಿ ಹಲವು ದೇಶದವರು ಸುತ್ತಲೂ ಕುರ್ಚಿ ಹಾಕಿಕೊಂಡು ಕೂತಿದ್ದರು. ಆವತ್ತು ಅವರಲ್ಲೊಬ್ಬರ ಹುಟ್ಟುಹಬ್ಬವಂತೆ. ಹುಟ್ಟಿದ್ದು ಒಬ್ಬರು, ಕೈ ಕುಲುಕಿ ಶುಭಾಶಯ ಹೇಳಿದ್ದು ಎಲ್ಲರಿಗೂ! ನನಗೂ ಹೇಳಿದರು. ನಾನೇನು ಮಾಡಿದೆನೋ ಗೊತ್ತಾಗದೆ ಥ್ಯಾಂಕ್ಸ್ ಎಂದೆ.

ಸಭೆ ನಡೆಸಿದವರು ಯೋರಿಸ್. ಓದಮ್ಮನ ಕೋಡಿನ ಬಹುಪಾಲು ಅವರ ಕೈಯದು. ನಲವತ್ತರ ಆಸುಪಾಸು, ಗಂಭೀರ ಮುಖ, ಅಳೆದು ಆಡುವ ಮಾತು. ನನ್ನ ದೂರುಗಳನ್ನು ಎಲ್ಲರಿಗೂ ಓದಿ ಹೇಳಿ, “ಇವರ ದೂರು ಬಂದರೆ ನನಗೆ ಭಯ, ಆದರೆ ಅದು ಬಂದಮೇಲೆ ಓದಮ್ಮ ಸರಿಯಾಗುತ್ತಾಳೆ” ಎಂದರು. ನನ್ನ ದೂರುಗಳಿಂದ ಆ ಹೆಸರು ಅವರಿಗೂ ರೂಢಿಯಾಗಿತ್ತು. ಜನ ಚಪ್ಪಾಳೆ ತಟ್ಟಿದರು. ನಾನು ಉಬ್ಬಿಹೋದೆ. ಆ ಉಬ್ಬಿನಲ್ಲೇ ಎಡವಟ್ಟಾದದ್ದು.

ಯೋರಿಸ್ ಮುಂದಿನ ವಿಷಯಕ್ಕೆ ಬಂದರು. ಕನ್ನಡ. ಪ್ರತಿ ಭಾಷೆಗೂ ಒಬ್ಬ ಉಸ್ತುವಾರಿ ಇರಬೇಕೆಂಬುದು ಅವರ ನಿಯಮ. ಹೊಸ ಆವೃತ್ತಿ ಬಿಡುವ ಮೊದಲು ಆ ಭಾಷೆಯಲ್ಲಿ ಓದಿಸಿ ನೋಡಿ ‘ಸರಿಯಿದೆ’ ಎಂದು ಹೊಣೆ ಹೊರುವವರು. ಮಾತ್ರೆಯ ಚೀಟಿಯನ್ನು ತಪ್ಪು ಓದಿದರೆ ಪ್ರಾಣಕ್ಕೆ ಕುತ್ತು, ಹಾಗಾಗಿ ಹೊಣೆ ಹೊರುವವರಿಲ್ಲದ ಭಾಷೆಯನ್ನು ಕೈಬಿಡುತ್ತಾರೆ. ಕನ್ನಡದ ಹಳೆಯ ಉಸ್ತುವಾರಿ ಬೇರೆ ಕೆಲಸ ಹಿಡಿದು ಬಿಟ್ಟುಹೋಗಿದ್ದರು. ಈಗಿರುವ ಕನ್ನಡದ ಓದಮ್ಮ ಇನ್ನೊಂದಷ್ಟು ತಿಂಗಳು ಓಡಿ ನಿಂತುಹೋಗುತ್ತಾಳೆ.

“ಈ ಕೆಲಸಕ್ಕೆ ಕೋಡ್ ಗೊತ್ತಿರಬೇಕಾಗಿಲ್ಲ” ಎಂದರು ಯೋರಿಸ್. “ನಾಗರತ್ನ, ನೀವು ಕನ್ನಡದ ಉಸ್ತುವಾರಿ ಆಗುತ್ತೀರಾ?”

ನಿಜ ಹೇಳುತ್ತೇನೆ, ನನ್ನ ಎದೆ ನಗಾರಿ ಬಾರಿಸಿತು. ನನಗೆ ಬೇಕಾದದ್ದೇ ಅದು. ಆದರೆ ಬಾಯಿಗೆ ಎಲ್ಲಿತ್ತು ಬುದ್ಧಿ? ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸಿ, ಮುಗುಳ್ನಕ್ಕು, “ಛೇ ಛೇ, ನಾನ್ಯಾಕೆ? ನನಗೇನು ಗೊತ್ತು? ನನಗಿಂತ ತಿಳಿದೋರು ಬೇಕಾದಷ್ಟು ಜನ ಇದ್ದಾರೆ” ಎಂದೆ. ಇನ್ನೊಂದು ಸಲ ಕೇಳಲಿ, ಒಪ್ಪಿಕೊಳ್ಳೋಣ ಎಂದು ‘ಎಸ್’ ಎಂಬ ಮಾತನ್ನು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಟ್ಟುಕೊಂಡೂ ಇದ್ದೆ.

“ಸ್ಪಷ್ಟವಾಗಿ ಹೇಳಿದ್ದಕ್ಕೆ ಧನ್ಯವಾದ” ಎಂದರು ಯೋರಿಸ್. ಪರದೆಯ ಮೇಲೆ ಕನ್ನಡದ ಹೆಸರಿಗೆ ಅಡ್ಡಗೆರೆ ಬಿತ್ತು. ಮುಂದಿನ ವಿಷಯ, ಲಾಂಛನದ ನೀಲಿ ಬಣ್ಣ ಕಡುವಾಗಿರಬೇಕೋ ತಿಳಿಯಾಗಿರಬೇಕೋ. ಅದನ್ನು ಒಂದು ಗಂಟೆ ಚರ್ಚಿಸಿದರು. ಒಂದು ಭಾಷೆ ಹೋದದ್ದು ಒಂದು ಉಸಿರಿನಲ್ಲಿ.

ನನ್ನ ಮುಖದ ಮೇಲೆ ಮುಗುಳ್ನಗೆ ಹಾಗೇ ಅಂಟಿಕೊಂಡಿತ್ತು, ತೆಗೆಯಲು ಬರುತ್ತಿರಲಿಲ್ಲ.

ಊಟದ ಮೇಜು

ಬ್ರೆಡ್ಡಿನ ಊಟಕ್ಕೆ ಯೋರಿಸ್ ಪಕ್ಕದಲ್ಲೇ ಜಾಗ ಹಿಡಿದೆ. ನೇರವಾಗಿ ಕೇಳುವುದಕ್ಕೆ ನಾಲಿಗೆ ಏಳದು. ಮಾತಿನಲ್ಲಿ ಎಳೆ ಬಿಟ್ಟು ನೋಡೋಣ ಎಂದುಕೊಂಡೆ. ನಮ್ಮ ಕಡೆ ಇಷ್ಟು ಎಳೆ ಬಿಟ್ಟರೆ ಹಗ್ಗವನ್ನೇ ಹೊಸೆದುಕೊಡುತ್ತಾರೆ.

“ಪಾಪ, ಕನ್ನಡ...” ಎಂದು ನಿಟ್ಟುಸಿರು ಬಿಟ್ಟೆ.

“ಹೌದು, ಬೇಸರದ ವಿಷಯ” ಎಂದರು.

“ಯಾರಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು. ಅನುಭವ ಇರೋರು. ದಿನಾ ಓದಮ್ಮನ ಜೊತೆ ಇರೋರು. ಮೇಷ್ಟ್ರೋ ಯಾರಾದರೂ...”

“ಅಂಥವರು ನಿಮಗೆ ಗೊತ್ತಿದ್ದರೆ ನನಗೆ ಖಂಡಿತ ತಿಳಿಸಿ” ಎಂದು ಯೋರಿಸ್ ಗಂಭೀರವಾಗಿ ಬ್ರೆಡ್ಡು ಕಚ್ಚಿದರು.

ನನಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಮರೈಕೆಯಾದರೂ ನನ್ನನ್ನು ಎಳೆದು ನಿಲ್ಲಿಸಲಿ ಎಂದು ಅವರ ಹತ್ತಿರ ಹೋದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು, “ನಿಮ್ಮನ್ನು ಮೆಚ್ಚಿದೆ. ಅಷ್ಟು ಜನರ ಮುಂದೆ ಬೇಡ ಅನ್ನುವುದಕ್ಕೆ ಧೈರ್ಯ ಬೇಕು. ಒತ್ತಾಯ ಮಾಡಬೇಡಿ ಅಂತ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ” ಎಂದರು.

ಒಳ್ಳೆಯ ಮನಸ್ಸಿನವರು ಬಾಗಿಲು ಹಾಕಿದರೆ ತಟ್ಟುವುದಕ್ಕೂ ಸಂಕೋಚ.

ಕಾಲುವೆಯ ದಂಡೆ

ಸಂಜೆಯ ಬಿಸಿಲು ಇನ್ನೂ ಢಾಳಾಗಿತ್ತು. ಹೆಡತಲೆಯಲ್ಲಿ ಆಗಲೇ ಊಟದ ಹೊತ್ತು. ಕಾಲುವೆಯ ಕಟ್ಟೆಯ ಮೇಲೆ ಕೂತು ಅತ್ತಿಗೆಗೆ ಫೋನು ಮಾಡಿದೆ.

“ಏನಮ್ಮಿ ನಾಗು, ಉಂಡ್ಯಾ? ಏನಿಕ್ಕವ್ರೆ ಅಲ್ಲಿ ಉಣ್ಣಾಕೆ?”

“ಬ್ರೆಡ್ಡು ಅತ್ತಿಗೆ.”

“ಬೆಳಿಗ್ಗೆ?”

“ಅದೂ ಬ್ರೆಡ್ಡೇ.”

“ಅಯ್ಯೋ ಸಿವನೇ! ಜ್ವರ ಬಂದೋರ ಊರ್ಗೆ ಓಗಿದ್ದೀಯಲ್ಲಮ್ಮಿ.”

ನಗು ಬರಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿದ್ದು, ನಾನು ಬೇಡ ಅಂದದ್ದು, ಕನ್ನಡಕ್ಕೆ ಗೆರೆ ಬಿದ್ದದ್ದು.

“ಬ್ಯಾಡ ಅಂದ್ಯಾ?”

“ಇನ್ನೊಂದ್ಸಲ ಕೇಳ್ತಾರೆ ಅಂದ್ಕೊಂಡೆ ಅತ್ತಿಗೆ.”

“ಕೇಳಿದ್ರಾ?”

“ಇಲ್ಲ.”

ಬೈಯುತ್ತಾರೆ ಎಂದು ಕಿವಿಯಿಂದ ಫೋನು ದೂರ ಹಿಡಿದೆ. ಬೈಗುಳ ಬರಲಿಲ್ಲ. “ಓಗ್ಲಿ ಬುಡು. ಮೊದ್ಲು ಇರ್ನಿಲ್ವಾ ಓದಮ್ಮ ಇಲ್ದೆ? ಇವ್ರ ಕೈಲೇ ಓದ್ಸಕತೀನಿ” ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. “ಇನ್ನೊಬ್ರು ಓದಿ ಏಳ್ದಾಗ ಅವ್ರಿಗೆ ಎಷ್ಟು ಬೇಕೋ ಅಷ್ಟೇ ನಮ್ಗೆ ಸಿಕ್ಕದು ಕಣಮ್ಮಿ. ಓದಮ್ಮ ಅಂಗಲ್ಲ. ಸಾವೂ ಓದ್ತಾಳೆ, ಬೈಗ್ಳಾನೂ ಬುಡ್ದಂಗೆ ಓದ್ತಾಳೆ. ಪಾಪ, ಇದು ಬ್ಯಾಡ ಇವ್ಳಿಗೆ ಅಂತ ನನ್ ಪರ್ವಾಗಿ ಯೋಚ್ನೆ ಮಾಡಾಕಿಲ್ಲ.”

ನನಗೆ ಅಳು ತಡೆಯಲಾಗಲಿಲ್ಲ. ಬಾತುಕೋಳಿಯೊಂದು ಹತ್ತಿರ ಬಂದು, ತಿನ್ನಲು ಏನೂ ಇಲ್ಲವೆಂದು ತಿಳಿದು ಹೋಯಿತು.

“ಅಳ್ಬ್ಯಾಡ. ನಾಳೀಕೂ ಸಬೆ ಐತಾ?”

“ಇದೆ.”

“ಓಗಿ ಬಾಯ್ಬುಟ್ಟು ಕೇಳು, ನಂಗೆ ಬೇಕು ಅಂತ. ನಾಚ್ಕೆ ಆಯ್ತದಾ? ಅಲ್ಲಿ ನಿನ್ ಗುರ್ತು ಇರೋರು ಯಾರವ್ರೆ ನಗಾಡಾಕೆ?”

ಸಭೆಯ ಕೊನೆಯ ದಿನ

ನನಗೆ ಇಂಥ ಸ್ಥಾನ ಬೇಕು ಎಂದು ತಾನೇ ಎದ್ದು ನಿಂತು ಕೇಳುವುದು ಎಷ್ಟು ಕಷ್ಟವೆಂದು ನಮ್ಮ ಕಡೆಯವರಿಗೆ ಮಾತ್ರ ಗೊತ್ತು. ಗ್ರಾಮ ಪಂಚಾಯ್ತಿಗೆ ನಿಲ್ಲುವವರೂ ‘ಜನರ ಒತ್ತಾಯಕ್ಕೆ ಮಣಿದು’ ಎಂದೇ ಹೇಳುತ್ತಾರೆ. ಜನ ಎಂದರೆ ಅವರ ಬಾಮೈದನೊಬ್ಬನೇ ಇದ್ದರೂ ಸರಿ. ನನಗೋ, ಇಲ್ಲಿ ಬಾಮೈದನೂ ಇಲ್ಲ.

ಸಭೆ ಶುರುವಾದ ಕೂಡಲೇ ಎದ್ದು ನಿಂತೆ. “ಕನ್ನಡದ ಉಸ್ತುವಾರಿ ನನಗೆ ಬೇಕು. ನಾನು ಮಾಡುತ್ತೇನೆ, ಚೆನ್ನಾಗಿ ಮಾಡುತ್ತೇನೆ” ಎಂದೆ. ಹೇಳಿ ಮುಗಿಸಿದಾಗ ಕಿವಿಯೆಲ್ಲ ಬಿಸಿ.

ಯೋರಿಸ್ ಹುಬ್ಬು ಗಂಟಿಕ್ಕಿದರು. “ನಿನ್ನೆ ಬೇಡ ಅಂದಿರಿ. ಯಾರಾದರೂ ಒತ್ತಾಯ ಮಾಡಿದರಾ?”

“ಯಾರೂ ಮಾಡಲಿಲ್ಲ. ಅದೇ ತೊಂದರೆ ಆದದ್ದು.”

ಸುತ್ತ ಕೂತವರು ಮುಖ ಮುಖ ನೋಡಿಕೊಂಡರು. ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದು ಕಪ್ಪುಹಲಗೆಯ ಮುಂದೆ ನಿಂತವಳಂತೆ ಪಾಠ ಶುರುಮಾಡಿದೆ. ನಮ್ಮ ಕಡೆ ಮೊದಲ ಬೇಡ ಎಂದರೆ ಏನು, ಎರಡನೆಯದು ಏನು, ಮೂರನೆಯ ಸಲ ಹೇಗೆ ರಟ್ಟೆ ಹಿಡಿಯಬೇಕು, ಎಲ್ಲವನ್ನೂ ಬಿಡಿಸಿ ಹೇಳಿದೆ. ಹೇಳುತ್ತಿರುವಂತೆಯೇ ಮರೈಕೆಯ ಮುಖ ಬೆಳ್ಳಗಾಗುತ್ತ ಬಂತು.

“ಹಾಗಾದರೆ ಮೊದಲ ದಿನದ ಕಾಫಿ?” ಎಂದರು.

“ಬೇಕಿತ್ತು.”

“ರಾತ್ರಿಯ ಊಟ?”

“ಅದೂ ಬೇಕಿತ್ತು.”

“ದೇವರೇ! ಬಿಸ್ಕೆಟ್?”

“ಇನ್ನೂ ನಾಲ್ಕು ಬೇಕಿತ್ತು.”

ಮರೈಕೆ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಸಭೆಯೆಲ್ಲ ನಕ್ಕಿತು. ಯೋರಿಸ್ ಒಬ್ಬರು ನಗಲಿಲ್ಲ. ಅವರು ಕೋಡ್ ಬರೆಯುವವರು, ನಿಯಮ ಎಂದರೆ ನಿಯಮ. “ಅಂದರೆ ಮೂರು ಸಲ ಕೇಳಬೇಕು, ಮೂರನೆಯ ಉತ್ತರ ಮಾತ್ರ ಹಿಡಿಯಬೇಕು. ಸರಿಯೇ?” ಎಂದು ಖಚಿತ ಮಾಡಿಕೊಂಡರು. ಆಮೇಲೆ ನನ್ನನ್ನೇ ನೆಟ್ಟಗೆ ನೋಡಿ, “ನಿಮ್ಮನ್ನು ಒಪ್ಪುತ್ತೇನೆ. ಆದರೆ ಒಬ್ಬರೇ ಸಾಲದು. ಹಿಂದಿನವರು ಒಬ್ಬರೇ ಇದ್ದದ್ದಕ್ಕೇ ಹೀಗಾಯಿತು. ದಿನವೂ ಬಳಸುವ ಇನ್ನೊಬ್ಬರು ನಿಮ್ಮ ಜೊತೆ ಹೊಣೆ ಹೊರಬೇಕು. ಇವತ್ತೇ ಹೆಸರು ಹೇಳಿದರೆ ಕನ್ನಡ ಉಳಿಯುತ್ತದೆ” ಎಂದರು.

ಇವತ್ತೇ! ಒಂದು ಗಳಿಗೆ ಮಂಕು ಬಡಿದ ಹಾಗಾಯಿತು. ಮರುಗಳಿಗೆಯಲ್ಲಿ ಫೋನು ಕೈಗೆ ಬಂದಿತ್ತು.

“ನನ್ನ ಅತ್ತಿಗೆ ಇದ್ದಾರೆ. ಓದಮ್ಮನ ತಪ್ಪುಗಳನ್ನು ಮೊದಲು ಹಿಡಿಯುವುದೇ ಅವರು. ನಾನು ಬರೆಯುತ್ತೇನೆ ಅಷ್ಟೇ. ನೀವೇ ಕೇಳಿ” ಎಂದೆ. ಎಚ್ಚರಿಕೆಯನ್ನೂ ಕೊಟ್ಟೆ. “ಅವರು ನನಗಿಂತ ಹಳೆಯ ಕಾಲದವರು. ಮೂರು ಸಲ ಸಾಲದೆ ಹೋಗಬಹುದು, ನಾಲ್ಕಾದರೂ ಬೇಸರ ಮಾಡಿಕೊಳ್ಳಬೇಡಿ.”

ಯೋರಿಸ್ ತಲೆಯಾಡಿಸಿ, ದೊಡ್ಡ ಕೆಲಸಕ್ಕೆ ಅಣಿಯಾದವರಂತೆ ಕುರ್ಚಿಯ ತುದಿಗೆ ಬಂದು ಕೂತರು. ಹೆಡತಲೆಯಲ್ಲಿ ಆಗ ನಡುಮಧ್ಯಾಹ್ನ. ಅತ್ತಿಗೆ ಫೋನು ಎತ್ತಿದ ಕೂಡಲೇ ವಿಷಯ ಹೇಳಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ವೃತ್ತದ ನಡುವೆ ಸ್ಟೂಲಿನ ಮೇಲಿಟ್ಟೆ. ಯೋರಿಸ್ ಇಂಗ್ಲಿಷಿನಲ್ಲಿ ಕೇಳಿದರು, ನಾನು ಕನ್ನಡದಲ್ಲಿ ಹೇಳಿದೆ.

“ಅತ್ತಿಗೆ, ಇವ್ರು ಕೇಳ್ತಾ ಇದಾರೆ. ಹೊಸ ಓದಮ್ಮ ಬಂದಾಗಲೆಲ್ಲ ಕೇಳಿ ನೋಡಿ, ಸರಿಯಿದೆಯೋ ಇಲ್ವೋ ಅಂತ ಹೇಳೋ ಜವಾಬ್ದಾರಿ. ನೀವು ಮಾಡ್ತೀರಾ?”

“ಊ, ಮಾಡ್ತೀನಿ.”

ನಾನು ಬಾಯಿ ತೆರೆದುಕೊಂಡು ಕೂತೆ. ನನ್ನ ಮುಖ ನೋಡಿದ ಯೋರಿಸ್, ಬೇಡ ಎಂದರೆಂದೇ ತಿಳಿದು, ಬೇಸರಿಸದೆ ಎರಡನೆಯ ಸಲ ಅದೇ ಪ್ರಶ್ನೆಯನ್ನು ಇನ್ನೂ ಮೆತ್ತಗೆ ಕೇಳಿದರು.

“ಯಾಕಮ್ಮಿ ಆವಯ್ಯ ಅದ್ನೇ ತಿರ‍್ಗಾ ಕೇಳ್ತಾ ಅವ್ನೆ? ಊ ಅಂದ್ನಲ್ಲ, ಕೇಳ್ಸನಿಲ್ವಾ?”

“ಅಲ್ಲ ಅತ್ತಿಗೆ, ನೀವು ಒಂದೇ ಸಲಕ್ಕೆ... ನಮ್ಮ ಕಡೆ ಮೂರು ಸಲನಾದ್ರೂ...”

“ಕಣ್ ಓದ್ಮೇಲೆ ‘ಗೌರಮ್ಮ, ಇದೊಂದ್ ಕೆಲ್ಸ ನೀ ಮಾಡ್ತೀಯಾ’ ಅಂತ ನನ್ನ ಒಬ್ರೂ ಕೇಳಿಲ್ಲ ಕಣಮ್ಮಿ. ಇರು ಅಂತಾರೆ, ಕೂತ್ಕ ಅಂತಾರೆ. ಒಂದು ಬೆಳ್ಳುಳ್ಳಿ ಸುಲಿಯಾಕೂ ಕೊಡಾಕಿಲ್ಲ. ಇವತ್ತು ಯಾರೋ ಪುಣ್ಯಾತ್ಮ, ಕಾಣದ ದೇಸದಿಂದ ಕೇಳವ್ನೆ. ಬ್ಯಾಡ ಅನ್ನಾಕೆ ನಂಗೇನು ಉಚ್ಚಾ?”

ಇಡೀ ವೃತ್ತ ನನ್ನ ಬಾಯಿಯನ್ನೇ ನೋಡುತ್ತಿತ್ತು. ಯೋರಿಸ್ ಮೂರನೆಯ ಸಲಕ್ಕೆ ಸಿದ್ಧರಾಗಿ, “ಏನಂದರು?” ಎಂದರು.

ಎಲ್ಲವನ್ನೂ ಹೇಳಬೇಕೆಂದುಕೊಂಡೆ. ಸ್ಟೂಲಿನ ಮೇಲಿದ್ದ ಫೋನನ್ನು ಕೈಗೆತ್ತಿಕೊಂಡೆ.

“ಹೂಂ ಅಂದರು” ಎಂದೆ. “ಇನ್ನು ಕೇಳುವುದು ಬೇಡ.”